ಅಧಿಕ ಶಕ್ತಿಯ ಮೈಕ್ರೋವೇವ್ ಫಿಲ್ಟರ್ (ಉಪಗ್ರಹ)
ಉಪಗ್ರಹದ ಪವರ್ ಆಂಪ್ಲಿಫೈಯರ್‌ಗೂ ಆಂಟೆನಾಗೂ ನಡುವೆ ಕೂರುವ ಈ ಫಿಲ್ಟರ್ ಎಷ್ಟು ಶಕ್ತಿ ತಾಳಬಲ್ಲದು ಎಂಬುದನ್ನು, ಸರಾಸರಿ ವ್ಯಾಟ್‌ಗಿಂತ ಹೆಚ್ಚಾಗಿ, ಅದರೊಳಗಿನ ಕಿರಿದಾದ ಸಂದಿಗಳಲ್ಲಿ ಏಳುವ ವೋಲ್ಟೇಜ್ ನಿರ್ಧರಿಸುತ್ತದೆ. ಬ್ಯಾಂಡ್ ಕಿರಿದಾದಷ್ಟೂ ಅನುರಣಕಗಳಲ್ಲಿ ಶಕ್ತಿ ಹೆಚ್ಚು ಶೇಖರವಾಗಿ ಆ ವೋಲ್ಟೇಜ್ ಏರುತ್ತದೆ. ನಿರ್ವಾತದಲ್ಲಿ ಗೋಡೆಗೆ ಬಡಿದ ಎಲೆಕ್ಟ್ರಾನ್ ಒಂದಕ್ಕಿಂತ ಹೆಚ್ಚು ಎಲೆಕ್ಟ್ರಾನ್‌ಗಳನ್ನು ಹೊರಚಿಮ್ಮಿಸಿ, ಕ್ಷೇತ್ರದ ದಿಕ್ಕು ತಿರುಗುವ ಹೊತ್ತಿಗೆ ಸರಿಯಾಗಿ ಅವು ಎದುರು ಗೋಡೆ ಮುಟ್ಟಿದರೆ, ಪ್ರತಿ ಹೊಡೆತಕ್ಕೂ ಅವುಗಳ ಸಂಖ್ಯೆ ಬೆಳೆಯುತ್ತದೆ. ಇದೇ ಮಲ್ಟಿಪ್ಯಾಕ್ಟರ್. 1930ರ ದಶಕದಲ್ಲಿ ಸಂಶೋಧಕ ಫಿಲೋ ಫಾರ್ನ್ಸ್‌ವರ್ತ್ ಸಂಕೇತವರ್ಧನೆಗೆ ಬಳಸಿಕೊಂಡ ಈ ವಿದ್ಯಮಾನವೇ ಇಲ್ಲಿ ವಿನ್ಯಾಸಕಾರರ ದೊಡ್ಡ ಚಿಂತೆ.

ಸಂದಿಯನ್ನು ಅಗಲಿಸಿದರೆ ಸಾಲದೇ ಎಂದು ಕೇಳಬಹುದು. ಮಲ್ಟಿಪ್ಯಾಕ್ಟರ್ ಶುರುವಾಗುವ ಮಿತಿ ಏರುವುದು ನಿಜ, ಆದರೆ ಲೋಪಾಸ್ ಫಿಲ್ಟರ್‌ನಲ್ಲಿ ಹಾರ್ಮೋನಿಕ್ ತಡೆಯುವ ಬಲ ಕುಗ್ಗುತ್ತದೆ. ಅದನ್ನು ಮರಳಿ ಪಡೆಯಲು ಉದ್ದ, ತೂಕ ಎರಡೂ ಬೆಳೆಯುತ್ತವೆ. ಹಲವು ವಾಹಕ ತರಂಗಗಳು ಒಟ್ಟಿಗೆ ಸಾಗುವಾಗ ಚಿಂತೆ ಇನ್ನೂ ಹೆಚ್ಚು: ತಲಾ 100 ವ್ಯಾಟ್‌ನ 10 ತರಂಗಗಳು ಒಂದೇ ಫೇಸ್‌ನಲ್ಲಿ ಕೂಡಿದರೆ ಸರಾಸರಿ 1,000 ವ್ಯಾಟ್ ಇದ್ದರೂ ಶಿಖರ 10,000 ವ್ಯಾಟ್. ಅಂಥ ಶಿಖರ ಕ್ಷಣಿಕ, ಎಲೆಕ್ಟ್ರಾನ್ 20 ಸಲ ಸಂದಿ ದಾಟುವಷ್ಟು ಹೊತ್ತು ನಿಲ್ಲದಿದ್ದರೆ ಅಪಾಯವಿಲ್ಲ ಎಂಬ ವಾದ ಬಹುಕಾಲದಿಂದ ರೂಢಿಯಲ್ಲಿದೆ. ಅದನ್ನೇ ಪೂರ್ತಿ ನಂಬುವುದು ಸರಿಯಲ್ಲ: ಒಂದು ಶಿಖರದಲ್ಲಿ ಹುಟ್ಟಿದ ಎಲೆಕ್ಟ್ರಾನ್‌ಗಳಲ್ಲಿ ಕೆಲವು ಮುಂದಿನ ಶಿಖರದವರೆಗೂ ಉಳಿದು ಮತ್ತೆ ಬೆಳೆಯಬಲ್ಲವು.