ಕ್ಯಾಲಿಕೋ ಮಿಲ್ಲಿನ ಮಗ್ಗದ ಶೆಡ್ಡು: ಸಂಸ್ಥೆಯ ಸಂಸ್ಕೃತಿ ಮತ್ತು ಉತ್ಪಾದನೆ, 1952–1970

ಕಂಪನಿಯ ಒಳಸಂಸ್ಕೃತಿಗೂ ಅದರ ಗಳಿಕೆಗೂ ನಂಟಿದೆ ಎಂಬ ಚರ್ಚೆ 1982ರಲ್ಲಿ, ಅಮೆರಿಕದ ಪೀಟರ್ಸ್ ಮತ್ತು ವಾಟರ್‌ಮನ್ ಅವರ ಪುಸ್ತಕದೊಂದಿಗೆ ಹುಟ್ಟಿತೆಂದು ಸಾಮಾನ್ಯವಾಗಿ ಬರೆಯುತ್ತಾರೆ. ಇದು ಒಪ್ಪತಕ್ಕ ಮಾತಲ್ಲ. ಲಂಡನ್ನಿನ ಗ್ಲೇಸಿಯರ್ ಮೆಟಲ್ ಕಾರ್ಖಾನೆಯ ಸಂಸ್ಕೃತಿ ಕುರಿತು ಎಲಿಯಟ್ ಜ್ಯಾಕ್ಸ್ ಬರೆದ ಗ್ರಂಥ 1951ರಲ್ಲೇ ಪ್ರಕಟವಾಗಿತ್ತು. ಅದಾಗಿ ಎರಡೇ ವರ್ಷಕ್ಕೆ, ಆ ಅಧ್ಯಯನದ ಹಿಂದಿದ್ದ ಟಾವಿಸ್ಟಾಕ್ ಸಂಸ್ಥೆಯ ಎ. ಕೆ. ರೈಸ್ ಅಹಮದಾಬಾದಿನ ಕ್ಯಾಲಿಕೋ ಮಿಲ್ಲಿಗೆ ಬಂದರು.

ಅಲ್ಲಿ 1952ರಲ್ಲಿ ಸ್ವಯಂಚಾಲಿತ ಮಗ್ಗಗಳನ್ನು ಕೂರಿಸಿದ್ದರು. ಉತ್ಪಾದನೆ ಮಾತ್ರ ಏರಲಿಲ್ಲ, ಬಟ್ಟೆಯ ಗುಣವೂ ಸುಧಾರಿಸಲಿಲ್ಲ. ರೈಸ್ ನೋಡಿದ ಶೆಡ್ಡಿನಲ್ಲಿ 224 ಮಗ್ಗ, 29 ಕೆಲಸಗಾರರು, 12 ಬಗೆಯ ಕೆಲಸ. ನೇಯುವವನಿಗೆ ಇಷ್ಟು ಮಗ್ಗ, ಕಂಡಿಕೆ ತುಂಬುವವನಿಗೆ ಅಷ್ಟು, ಎಣ್ಣೆ ಹಾಕುವವನಿಗೆ ಇನ್ನಷ್ಟು ಎಂದು ಎಂಜಿನಿಯರುಗಳು ಲೆಕ್ಕ ಹಾಕಿ ಹಂಚಿದ್ದರು. ಹೀಗಾಗಿ ಒಬ್ಬ ನೇಕಾರನ ಮಗ್ಗಗಳಿಗೆ ಬೇರೆ ಬೇರೆ ಕಂಡಿಕೆಯವರು ಬರುವರು, ಒಬ್ಬ ಕಂಡಿಕೆಯವನು ಹಲವು ನೇಕಾರರ ಕೈಕೆಳಗೆ ಓಡಾಡುವನು. ಎಳೆ ಕಡಿದು ಮಗ್ಗ ನಿಂತರೆ ಅದು ಯಾರ ಹೊಣೆಯೆಂದು ಹೇಳುವವರಿಲ್ಲ. ಕಾಗದದ ಮೇಲೆ ಅಚ್ಚುಕಟ್ಟಾಗಿದ್ದ ಈ ಹಂಚಿಕೆ ನೆಲದ ಮೇಲೆ ಜಗಳದ ಮೂಲವಾಗಿತ್ತು.

64 ಮಗ್ಗಗಳನ್ನು ಏಳು ಜನರ ಒಂದು ತಂಡಕ್ಕೇ ಒಪ್ಪಿಸಬಾರದೇಕೆ ಎಂಬುದು ರೈಸ್ ಮುಂದಿಟ್ಟ ಸಲಹೆ. ಕೆಲಸಗಾರರು ಅದನ್ನು ಕೂಡಲೇ ಕೈಗೆತ್ತಿಕೊಂಡು, ಜೊತೆಗಾರರನ್ನು ತಾವೇ ಆರಿಸಿಕೊಂಡರು. ಆರಂಭದ ಏರುಪೇರಿನ ಬಳಿಕ ದಕ್ಷತೆ ಸುಮಾರು 80ರಿಂದ 95 ಶೇಕಡಕ್ಕೆ ಏರಿತು. ಹಾಳಾಗುವ ಬಟ್ಟೆ ಶೇಕಡ 32ರಿಂದ 20ರ ಆಸುಪಾಸಿಗೆ ಇಳಿಯಿತು. ಆದರೆ ಇದೇ ವೇಳೆಗೆ ಸಂಬಳದ ಶ್ರೇಣಿಗಳ ಸಂಖ್ಯೆಯನ್ನೂ ಕಡಿಮೆ ಮಾಡಲಾಗಿತ್ತು. ಏರಿಕೆಯನ್ನೆಲ್ಲ ಒಗ್ಗಟ್ಟಿನ ಖಾತೆಗೇ ಬರೆಯುವುದು ಅವಸರದ ತೀರ್ಮಾನ. ರೈಸ್ ಅವರ ಅಭಿಮಾನಿಗಳು ಇದನ್ನು ಹಗುರವಾಗಿ ದಾಟಿಬಿಡುತ್ತಾರೆ.

ಹೆಚ್ಚು ಬೆಲೆಯುಳ್ಳದ್ದು ಟಾವಿಸ್ಟಾಕ್‌ನ ಎರಿಕ್ ಮಿಲ್ಲರ್ 1970ರಲ್ಲಿ ಕ್ಯಾಲಿಕೋ ಮಿಲ್ಲಿಗೇ ಮರಳಿ ನಡೆಸಿದ ಅಧ್ಯಯನ. ಒಂದು ಶೆಡ್ಡಿನಲ್ಲಿ ತಂಡದ ಪದ್ಧತಿ, ಅದರೊಂದಿಗೆ ದಕ್ಷತೆ, ಹೆಚ್ಚುಕಡಿಮೆ ಹಾಗೇ ಉಳಿದಿದ್ದವು. ಉಳಿದೆಡೆ ತಂಡಗಳು ಸಡಿಲಗೊಂಡು ಕೆಲಸ ಹಳೆಯ ಜಾಡಿಗೆ ಜಾರಿತ್ತು. ಹೊರಗಿನ ಪರಿಸ್ಥಿತಿ ಬದಲಾದಾಗ ತಂಡಕ್ಕೆ ಬೇಕಾದ ಆಸರೆ ಸಿಗದೆ ಹೋದದ್ದೇ ಇದಕ್ಕೆ ಕಾರಣ.

ಮುಂದಿನ ಅಂಕಿಅಂಶದ ಅಧ್ಯಯನಗಳೂ ಇದೇ ದಿಕ್ಕಿನಲ್ಲಿವೆ. 1992ರಲ್ಲಿ ಕಾಟರ್ ಮತ್ತು ಹೆಸ್ಕೆಟ್ 207 ಕಂಪನಿಗಳನ್ನು ಪರಿಶೀಲಿಸಿದಾಗ, ಬಲವಾದ ಸಂಸ್ಕೃತಿಗೂ ಸಾಧನೆಗೂ ಕಂಡ ನಂಟು ಸಾಧಾರಣವೇ ಆಗಿತ್ತು. ಅಂಥ ಸಂಸ್ಕೃತಿ ಸ್ಥಿರ ಉದ್ಯಮದಲ್ಲಿ ಸಾಧನೆಯನ್ನು ಏರಿಳಿತವಿಲ್ಲದೆ ಕಾಯುತ್ತದೆ, ಮಾರುಕಟ್ಟೆ ಅಲ್ಲಾಡಿದಾಗ ಆ ಲಾಭ ಕರಗುತ್ತದೆ ಎಂದು 2002ರಲ್ಲಿ ಸೊರೆನ್‌ಸೆನ್ ತೋರಿಸಿದರು.

ಕೆಲಸ ಹಂಚುವ ರೀತಿ ಬದಲಾಗದೆ, ಬರೀ ಮನೋಭಾವ ತಿದ್ದಿದ್ದರಿಂದ ಉತ್ಪಾದನೆ ಏರಿತೆಂದು ವಾದಿಸಲು ಕ್ಯಾಲಿಕೋ ಪ್ರಯೋಗದಲ್ಲಿ ಯಾವ ಆಧಾರವೂ ಇಲ್ಲ.