ಕಡಲ ಕವಿತೆಗೆ ಕಡಲಿನವರದೇ ದನಿ

1886ರ ಡಿಸೆಂಬರ್ 9ರ ರಾತ್ರಿ. ಇಂಗ್ಲೆಂಡಿನ ಲ್ಯಾಂಕಶೈರ್ ಕರಾವಳಿಯಲ್ಲಿ ಬಿರುಗಾಳಿಗೆ ಸಿಕ್ಕಿದ ‘ಮೆಕ್ಸಿಕೊ’ ಎಂಬ ಜರ್ಮನ್ ಹಡಗು ಮರಳದಿಬ್ಬಕ್ಕೆ ಸಿಲುಕಿಕೊಂಡಿತು. ಅದರಲ್ಲಿದ್ದವರನ್ನು ಉಳಿಸಲು ಲಿಥಮ್, ಸೇಂಟ್ ಆನ್ಸ್ ಮತ್ತು ಸೌತ್‌ಪೋರ್ಟ್ ಊರುಗಳಿಂದ ಮೂರು ಜೀವರಕ್ಷಕ ದೋಣಿಗಳು ಹೊರಟವು. ಹುಟ್ಟು ಹಾಕುತ್ತಿದ್ದವರಲ್ಲಿ ಹೆಚ್ಚಿನವರು ಮೀನುಗಾರರು. ಲಿಥಮ್‌ನ ದೋಣಿ ಹಡಗಿನ 12 ಮಂದಿಯನ್ನೂ ದಡ ಸೇರಿಸಿತು. ಉಳಿದೆರಡು ದೋಣಿಗಳು ಮಗುಚಿಕೊಂಡವು. ಉಳಿಸಲು ಹೋದ 27 ಮಂದಿ ಮರಳಿ ಬರಲಿಲ್ಲ.

ಬ್ರಿಟನ್ನಿನಲ್ಲಿ ಜೀವರಕ್ಷಕ ದೋಣಿಗಳನ್ನು ನಡೆಸುವ ಸಂಸ್ಥೆ ಸ್ಥಾಪನೆಯಾದದ್ದು 1824ರಲ್ಲಿ. ಇಂದಿಗೂ ಅದು ನಡೆಯುತ್ತಿರುವುದು ಬಹುಪಾಲು ಜನರ ದೇಣಿಗೆಯಿಂದ. ದೋಣಿ ಏರುವವರಲ್ಲಿ ಹೆಚ್ಚಿನವರು ಸ್ವಯಂಸೇವಕರು. ‘ಮೆಕ್ಸಿಕೊ’ ದುರಂತವನ್ನು ಹತ್ತಿರದಿಂದ ಕಂಡ ಹತ್ತಿ ಉದ್ಯಮಿ ಚಾರ್ಲ್ಸ್ ಮಕಾರ, ಸಿರಿವಂತರ ಚಂದಾ ಹಣವೊಂದನ್ನೇ ನೆಚ್ಚಿ ಕೂತರೆ ಸಾಲದೆಂದು ಬಗೆದರು. 1891ರ ಅಕ್ಟೋಬರ್ 10ರಂದು ಮ್ಯಾಂಚೆಸ್ಟರಿನ ಬೀದಿಗಳಲ್ಲಿ ವಾದ್ಯಗಳೊಂದಿಗೆ ಜೀವರಕ್ಷಕ ದೋಣಿಗಳ ಮೆರವಣಿಗೆ ಹೊರಟಿತು. ಉದ್ದನೆಯ ಕೋಲುಗಳಿಗೆ ಚೀಲ ಕಟ್ಟಿ, ಮಹಡಿಯ ಕಿಟಕಿಗಳಿಂದಲೂ ನಾಣ್ಯ ಸಂಗ್ರಹಿಸಿದರು. ಬಂದ ಹಣ ಸುಮಾರು 5 ಸಾವಿರ ಪೌಂಡ್. ಬೀದಿಯಲ್ಲಿ ನಿಂತು ಸಹಾಯಧನ ಎತ್ತುವ ಪದ್ಧತಿಗೆ ಇದೇ ನಾಂದಿ ಎನ್ನುತ್ತಾರೆ.

ಹೀಗೆ ಹಣ ದಡದವರಿಂದ ಬಂತು. ಕಡಲನ್ನು ಕುರಿತ ಕವಿತೆಯೂ ಹೆಚ್ಚಾಗಿ ದಡದವರದೇ ಆಗಿತ್ತು. ಕಡಲಿಗೆ ಹೋಗಿ ಹಿಂತಿರುಗದ ಮೂವರು ಮೀನುಗಾರರನ್ನೂ ಕಾಯುವ ಅವರ ಮಡದಿಯರನ್ನೂ ಕುರಿತು 1851ರಲ್ಲಿ ಬರೆದ ಚಾರ್ಲ್ಸ್ ಕಿಂಗ್ಸ್ಲಿ ಒಬ್ಬ ಪಾದ್ರಿ. ಬಾಲ್ಯದಲ್ಲಿ ಅವರು ಮೀನುಗಾರರ ಊರಾದ ಕ್ಲೊವೆಲಿಯಲ್ಲಿದ್ದುದು ನಿಜ. ಆದರೆ ಆ ಕವಿತೆಗೆ ರಾಗ ಕೂಡಿಬಂದ ಮೇಲೆ ಅದು ಮೊಳಗಿದ್ದು ಅನುಕೂಲಸ್ಥರ ಮನೆಯ ಹಜಾರಗಳಲ್ಲಿ. ಕಡಲ ಕರೆಯನ್ನು ಹಾಡಿದ ಜಾನ್ ಮೇಸ್‌ಫೀಲ್ಡ್ ಎಳೆಯ ವಯಸ್ಸಿನಲ್ಲಿ ಹಡಗಿನಲ್ಲಿ ದುಡಿದವರು. 1902ರಲ್ಲಿ ಅವರ ಆ ಪ್ರಸಿದ್ಧ ಕವಿತೆ ಪ್ರಕಟವಾಗುವ ಹೊತ್ತಿಗೆ ನಾವಿಕ ವೃತ್ತಿ ಬಿಟ್ಟು ವರ್ಷಗಳೇ ಕಳೆದಿದ್ದವು.

ಬಲೆ ಎಳೆಯುವವರೇ ವೇದಿಕೆ ಏರಿದ ಎರಡು ಪ್ರಯತ್ನಗಳು 1990ರ ದಶಕದಲ್ಲಿ ನಡೆದವು. ಒಂದು ಅಮೆರಿಕದ್ದು. ಆರಿಗನ್ ರಾಜ್ಯದ ಅಸ್ಟೋರಿಯಾ, ಕೊಲಂಬಿಯಾ ನದಿ ಪೆಸಿಫಿಕ್ ಸಾಗರ ಸೇರುವ ಅಳಿವೆಯ ಊರು. ಅಲ್ಲಿ ಒಡೆದ ಹಡಗುಗಳಿಗೆ ಲೆಕ್ಕವಿಲ್ಲ. 1998ರಿಂದ ಪ್ರತಿ ಫೆಬ್ರವರಿಯಲ್ಲಿ ಮೀನುಗಾರರು ಇಲ್ಲಿ ಸೇರಿ ತಾವೇ ಬರೆದ ಕವಿತೆಗಳನ್ನು ಓದುತ್ತ ಬಂದಿದ್ದಾರೆ. ಮೀನುಗಾರಿಕೆಯ ನಂಟಿರುವವರಿಗಷ್ಟೇ ಇಲ್ಲಿ ವೇದಿಕೆ.

ಇನ್ನೊಂದು ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತ್ಯದ ಪೋರ್ಟ್ ಐಸಾಕ್ ಎಂಬ ಪುಟ್ಟ ಬಂದರಿನದು. ಮೀನುಗಾರರು, ಬಡಗಿ, ಕುಂಬಾರ ಹೀಗೆ ಒಂದೇ ಊರಿನ ಗೆಳೆಯರು ಬೇಸಿಗೆಯ ಶುಕ್ರವಾರ ಸಂಜೆಗಳಲ್ಲಿ ಕಡಲಂಚಿನಲ್ಲಿ ನಿಂತು ಹಾಡತೊಡಗಿದರು. ಅವರು ಆರಿಸಿಕೊಂಡದ್ದು ಹಾಯಿಹಡಗಿನವರ ‘ಶಾಂಟಿ’ಗಳನ್ನು. ನಮ್ಮಲ್ಲಿ ‘ಐಸಾ’ ಎನ್ನುತ್ತ ಹಗ್ಗ ಎಳೆಯುವಂತೆ, ಹತ್ತಾರು ಕೈಗಳ ಬಲವನ್ನು ಒಂದೇ ಲಯಕ್ಕೆ ತರುವ ಹಾಡುಗಳಿವು. ಕೇಳಲು ಬಂದವರು ಕೊಟ್ಟ ಹಣ ದತ್ತಿ ಕಾರ್ಯಗಳಿಗೆ ಸಂದಿತು. ತಂಡದ ಹಲವರು ಸ್ವತಃ ಜೀವರಕ್ಷಕ ದೋಣಿಯಲ್ಲಿ ದುಡಿದವರು. ಅವರು ಇಟ್ಟುಕೊಂಡ ಹೆಸರು ‘ಫಿಷರ್‌ಮನ್ಸ್ ಫ್ರೆಂಡ್ಸ್’. 1865ರಲ್ಲಿ ಲ್ಯಾಂಕಶೈರಿನ ಫ್ಲೀಟ್‌ವುಡ್‌ನಲ್ಲಿ ಮೀನುಗಾರರಿಗೆಂದೇ ತಯಾರಾದ ಕೆಮ್ಮಿನ ಗುಳಿಗೆಯ ಹೆಸರನ್ನು ನೆನಪಿಸುವಂಥದು! 2010ರಲ್ಲಿ ಅವರ ಧ್ವನಿಮುದ್ರಿಕೆ ಬ್ರಿಟನ್ನಿನ ಮೊದಲ ಹತ್ತರ ಪಟ್ಟಿ ಸೇರಿತು.

ಈ ದನಿಗೆ ಅಷ್ಟು ಬೆಲೆ ಏಕೆಂಬುದಕ್ಕೆ ಅದೇ ಕಾರ್ನ್‌ವಾಲ್‌ನಲ್ಲಿ ಉತ್ತರವಿದೆ. 1981ರ ಡಿಸೆಂಬರ್ 19ರಂದು ಮೌಝಲ್ ಎಂಬ ಮೀನುಗಾರರ ಹಳ್ಳಿಯ ಎಂಟು ಸ್ವಯಂಸೇವಕರು ಅಪಾಯದಲ್ಲಿದ್ದ ಹಡಗೊಂದರ ನೆರವಿಗೆ ಹೋದರು. ಎಂಟೂ ಮಂದಿ ಸತ್ತರು. ಹಡಗಿನಲ್ಲಿದ್ದ ಎಂಟು ಜನರೂ ಉಳಿಯಲಿಲ್ಲ. ಒಂದೇ ದಿನದಲ್ಲಿ ಅದೇ ಹಳ್ಳಿಯಿಂದ ಹೊಸ ತಂಡಕ್ಕೆ ಸಾಕಾಗುವಷ್ಟು ಜನ ಮುಂದೆ ಬಂದರು.

ಮೀನುಗಾರ ಕಡಲ ಕವಿತೆ ಓದಿ ಕೈಚಾಚಿದಾಗ ಕೇಳುಗರು ಕೊಡುವುದು ಮನರಂಜನೆಯ ಬೆಲೆಯನ್ನಷ್ಟೇ ಅಲ್ಲ. ನಾಳೆ ಆತನೇ ಆ ದೋಣಿ ಏರಬೇಕಾದೀತು. ಇಲ್ಲವೆ ಆತನನ್ನು ಹುಡುಕಿಕೊಂಡು ಆ ದೋಣಿ ಹೊರಡಬೇಕಾದೀತು.