ಕೈತೋಟದಲ್ಲಿ ಈರುಳ್ಳಿ: ಬೇಸಾಯ ಮತ್ತು ಸಂಗ್ರಹಣೆ

ಉತ್ತರ ಕರ್ನಾಟಕದಲ್ಲಿ ಉಳ್ಳಾಗಡ್ಡಿ ಎಂದು ಕರೆಯಲ್ಪಡುವ ಈರುಳ್ಳಿಯು ಚಿತ್ರದುರ್ಗ, ಗದಗ, ಧಾರವಾಡ, ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳ ಪ್ರಮುಖ ವಾಣಿಜ್ಯ ಬೆಳೆ. ಹಿತ್ತಿಲಿನ 10 ಚದರ ಮೀಟರ್ ಜಾಗದಲ್ಲಿಯೂ ಸರಿಯಾದ ಆರೈಕೆಯಿಂದ 15ರಿಂದ 20 ಕಿ.ಗ್ರಾಂ. ಗಡ್ಡೆ ಪಡೆಯಬಹುದು. ತಿಂಗಳಿಗೆ 4 ಕಿ.ಗ್ರಾಂ. ಬಳಸುವ ಕುಟುಂಬಕ್ಕೆ ಇದು ನಾಲ್ಕು ತಿಂಗಳಿಗೆ ಸಾಲುತ್ತದೆ. ಆದರೆ ಬೆಳೆದದ್ದನ್ನು ಕೆಡದಂತೆ ಕಾಪಾಡಿದರೆ ಮಾತ್ರ ಈ ಲೆಕ್ಕ ಕೈಗೂಡುತ್ತದೆ. ಗಡ್ಡೆ ಕೊಳೆಯುವುದು ಸಂಗ್ರಹದಲ್ಲಾದರೂ ಅದರ ಕಾರಣ ಬಹುಮಟ್ಟಿಗೆ ಮಡಿಯಲ್ಲಿಯೇ ಇರುತ್ತದೆ. ಆದ್ದರಿಂದ ಸಂಗ್ರಹಣೆಯ ಸಿದ್ಧತೆಯನ್ನು ಬೀಜದ ಆಯ್ಕೆಯಿಂದಲೇ ಆರಂಭಿಸಿ.

ಹಂಗಾಮು ಮತ್ತು ತಳಿಗಳು

ಮುಂಗಾರಿನ ಬೆಳೆಯನ್ನು ಅಕ್ಟೋಬರ್-ನವೆಂಬರ್‌ನಲ್ಲಿ ಕೀಳಲಾಗುತ್ತದೆ. ಈ ಗಡ್ಡೆಗಳಲ್ಲಿ ನೀರಿನಂಶ ಹೆಚ್ಚಾಗಿದ್ದು ಬೇಗನೆ ಮೊಳಕೆಯೊಡೆಯುತ್ತವೆ; ಒಂದೆರಡು ತಿಂಗಳೊಳಗೆ ಬಳಸುವುದು ಲೇಸು. ಸಂಗ್ರಹಕ್ಕೆ ಹಿಂಗಾರಿನ ಬೆಳೆಯೇ ಯೋಗ್ಯ. ಇದಕ್ಕಾಗಿ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಸಸಿಮಡಿಗೆ ಬಿತ್ತಿ, ನವೆಂಬರ್-ಡಿಸೆಂಬರ್‌ನಲ್ಲಿ ನಾಟಿ ಮಾಡಿ, ಮಾರ್ಚ್-ಏಪ್ರಿಲ್‌ನಲ್ಲಿ ಕೊಯ್ಲು ಮಾಡಬೇಕು.

• ಮುಂಗಾರಿಗೆ: ಅರ್ಕಾ ಕಲ್ಯಾಣ್, ಎನ್-53, ಅಗ್ರಿಫೌಂಡ್ ಡಾರ್ಕ್ ರೆಡ್, ಭೀಮಾ ಸೂಪರ್.
• ಹಿಂಗಾರು ಮತ್ತು ಸಂಗ್ರಹಣೆಗೆ: ಅರ್ಕಾ ನಿಕೇತನ್, ಅಗ್ರಿಫೌಂಡ್ ಲೈಟ್ ರೆಡ್, ಭೀಮಾ ಕಿರಣ್, ಭೀಮಾ ಶಕ್ತಿ.

ಈರುಳ್ಳಿ ಬೀಜದ ಮೊಳಕೆ ಶಕ್ತಿ ಸಾಧಾರಣ ಸಂಗ್ರಹದಲ್ಲಿ ಒಂದು ವರ್ಷ ಮಾತ್ರ ಉಳಿಯುತ್ತದೆ. ಖರೀದಿಸುವಾಗ ಪೊಟ್ಟಣದ ಮೇಲಿನ ದಿನಾಂಕವನ್ನು ತಪ್ಪದೆ ಪರಿಶೀಲಿಸಿ.

ಸಸಿಮಡಿ ಮತ್ತು ನಾಟಿ

10 ಚದರ ಮೀಟರ್‌ಗೆ 5 ಗ್ರಾಂ ಬೀಜ ಸಾಕು. ಒಂದು ಚದರ ಮೀಟರ್ ವಿಸ್ತಾರದ, 15 ಸೆಂ.ಮೀ. ಎತ್ತರದ ಏರುಮಡಿಗೆ ಟ್ರೈಕೋಡರ್ಮಾ ಬೆರೆಸಿದ ಕಾಂಪೋಸ್ಟ್ ಸೇರಿಸಿ. 5ರಿಂದ 7 ಸೆಂ.ಮೀ. ಅಂತರದ ಸಾಲುಗಳಲ್ಲಿ ಒಂದು ಸೆಂ.ಮೀ. ಆಳಕ್ಕೆ ಬಿತ್ತಿ, ಮೊಳಕೆ ಬರುವವರೆಗೆ ಒಣಹುಲ್ಲು ಹೊದಿಸಿ, ಹೂಝಾರಿಯಿಂದ ನೀರು ಕೊಡಿ.

ಮುಂಗಾರಿನಲ್ಲಿ 40ರಿಂದ 45 ದಿನಗಳ, ಹಿಂಗಾರಿನಲ್ಲಿ 50ರಿಂದ 55 ದಿನಗಳ ಸಸಿಗಳು ನಾಟಿಗೆ ಸೂಕ್ತ. ಅತಿಯಾಗಿ ಬಲಿತ ದಪ್ಪ ಸಸಿಗಳು ಚಳಿಯಲ್ಲಿ ಹೂದಂಟು ಬಿಡುತ್ತವೆ. ಅಂತಹ ಗಡ್ಡೆಗಳು ಸಂಗ್ರಹಕ್ಕೆ ಬಾರವು. ನೀರು ಬಸಿದುಹೋಗುವ ಸಡಿಲ ಮಣ್ಣಿನಲ್ಲಿ ಸಾಲಿನಿಂದ ಸಾಲಿಗೆ 15 ಸೆಂ.ಮೀ., ಸಸಿಯಿಂದ ಸಸಿಗೆ 10 ಸೆಂ.ಮೀ. ಅಂತರ ಕೊಟ್ಟು, ಆಳಕ್ಕೆ ಹೂಳದೆ ನಾಟಿ ಮಾಡಿ.

ಗೊಬ್ಬರ (10 ಚದರ ಮೀಟರ್‌ಗೆ)

• ಭೂಮಿ ಸಿದ್ಧತೆಯಲ್ಲಿ: ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 25 ಕಿ.ಗ್ರಾಂ.
• ನಾಟಿಯ ಸಮಯದಲ್ಲಿ: ಸಿಂಗಲ್ ಸೂಪರ್ ಫಾಸ್ಫೇಟ್ 250 ಗ್ರಾಂ, ಮ್ಯೂರಿಯೇಟ್ ಆಫ್ ಪೊಟ್ಯಾಷ್ 100 ಗ್ರಾಂ, ಯೂರಿಯಾ 80 ಗ್ರಾಂ.
• ನಾಟಿ ಮಾಡಿದ 30 ಮತ್ತು 45ನೇ ದಿನ: ಪ್ರತಿ ಬಾರಿ ಯೂರಿಯಾ 80 ಗ್ರಾಂ.

ಅನಂತರ ಸಾರಜನಕ ಕೊಡಬಾರದು. ತಡವಾಗಿ ಯೂರಿಯಾ ಕೊಟ್ಟರೆ ಎಲೆಗಳು ಹಸಿರಾಗಿಯೇ ಮುಂದುವರಿದು, ಗಡ್ಡೆಯ ಕುತ್ತಿಗೆ ದಪ್ಪವಾಗುತ್ತದೆ. ದಪ್ಪ ಕುತ್ತಿಗೆಯು ಪೂರ್ತಿಯಾಗಿ ಒಣಗಿ ಮುಚ್ಚಿಕೊಳ್ಳುವುದಿಲ್ಲ. ಕೊಳೆರೋಗದ ಶಿಲೀಂಧ್ರಗಳು ಒಳಸೇರುವುದು ಈ ದಾರಿಯಿಂದಲೇ.

ನೀರು ಮತ್ತು ಕಳೆ

ಈರುಳ್ಳಿಯ ಬೇರುಗಳು ಮೇಲ್ಪದರದಲ್ಲಿಯೇ ಹರಡುವುದರಿಂದ ಹದವಾಗಿ, ಆಗಾಗ ನೀರು ಬೇಕು. ಮಣ್ಣು ಮತ್ತು ಹವಾಮಾನಕ್ಕೆ ಅನುಗುಣವಾಗಿ 7ರಿಂದ 10 ದಿನಗಳಿಗೊಮ್ಮೆ ನೀರು ಕೊಡಿ. ಗಡ್ಡೆ ಬಲಿಯುವ ಹಂತದಲ್ಲಿ ಮಣ್ಣು ಒಣಗಲು ಬಿಡಬಾರದು. ಒಣಗಿದ ಮಡಿಗೆ ಒಮ್ಮೆಲೇ ಹೆಚ್ಚು ನೀರು ಹಾಯಿಸಿದರೆ ಗಡ್ಡೆ ಸೀಳುತ್ತದೆ. ಕೊಯ್ಲಿಗೆ 10ರಿಂದ 15 ದಿನ ಮುಂಚೆ ನೀರನ್ನು ಪೂರ್ಣವಾಗಿ ನಿಲ್ಲಿಸಿ. ಮೊದಲ 60 ದಿನ ಮಡಿಯನ್ನು ಕಳೆರಹಿತವಾಗಿಡಿ.

ಸಸ್ಯ ಸಂರಕ್ಷಣೆ

ಥ್ರಿಪ್ಸ್ ನುಸಿ: ಒಣ ಹವೆಯಲ್ಲಿ ಎಲೆಗಳ ಬುಡದಲ್ಲಿ ಅಡಗಿ ರಸ ಹೀರುತ್ತದೆ, ಎಲೆಗಳ ಮೇಲೆ ಬೆಳ್ಳಿಯಂತಹ ಬಿಳಿ ಮಚ್ಚೆಗಳು ಕಾಣುತ್ತವೆ. ಮಡಿಯ ಸುತ್ತ ಎರಡು ಸಾಲು ಮೆಕ್ಕೆಜೋಳ ಬೆಳೆಸಿ. ಶೇ. 5ರ ಬೇವಿನ ಬೀಜದ ಕಷಾಯವನ್ನು ಎಲೆಸಂದುಗಳಿಗೆ ತಲಪುವಂತೆ ಸಿಂಪಡಿಸಿ.

ನೇರಳೆ ಎಲೆಮಚ್ಚೆ ರೋಗ: ತೇವದ ಹವೆಯಲ್ಲಿ ಎಲೆಗಳ ಮೇಲೆ ನೇರಳೆ ಬಣ್ಣದ ಅಂಡಾಕಾರದ ಮಚ್ಚೆಗಳು ಮೂಡುತ್ತವೆ. ಒಂದು ಲೀಟರ್ ನೀರಿಗೆ 2.5 ಗ್ರಾಂ ಮ್ಯಾಂಕೋಜೆಬ್ ಹಾಗೂ ಅಂಟು ದ್ರಾವಣ ಬೆರೆಸಿ ಸಿಂಪಡಿಸಿ. ಎಲೆಗಳ ಮೇಲೆ ಮೇಣದ ಪದರವಿರುವುದರಿಂದ ಅಂಟು ದ್ರಾವಣವಿಲ್ಲದೆ ಔಷಧಿ ನಿಲ್ಲುವುದಿಲ್ಲ. ಔಷಧಿ ಸಿಂಪಡಿಸಿದ ಮಡಿಯ ಹಸಿರೆಲೆಯನ್ನು ಅಡುಗೆಗೆ ಬಳಸಬೇಡಿ.

ಕೊಯ್ಲು ಮತ್ತು ಒಣಗಿಸುವಿಕೆ

ಹಿಂಗಾರಿನಲ್ಲಿ ಸುಮಾರು ಅರ್ಧದಷ್ಟು ಗಿಡಗಳ ಎಲೆಗಳು ಕುತ್ತಿಗೆಯ ಬಳಿ ತಾವಾಗಿ ಬಾಗಿ ಬಿದ್ದಾಗ ಕೊಯ್ಲು ಮಾಡಿ. ಗುದ್ದಲಿಯ ಏಟು ತಗಲದಂತೆ ಎಚ್ಚರವಹಿಸಿ. ಕಿತ್ತ ಗಡ್ಡೆಗಳನ್ನು ಎಲೆಸಹಿತ ಸಾಲಾಗಿ ಹರಡಿ. ಒಂದು ಸಾಲಿನ ಎಲೆಗಳು ಪಕ್ಕದ ಸಾಲಿನ ಗಡ್ಡೆಗಳನ್ನು ಮುಚ್ಚುವಂತಿರಲಿ. ಇಲ್ಲವಾದರೆ ಏಪ್ರಿಲ್‌ನ ಬಿಸಿಲಿಗೆ ಗಡ್ಡೆಗಳು ಬೆಂದಂತಾಗಿ ಮೆತ್ತಗಾಗುತ್ತವೆ. 3ರಿಂದ 4 ದಿನಗಳ ನಂತರ, ಗಡ್ಡೆಯ ಮೇಲೆ 2ರಿಂದ 2.5 ಸೆಂ.ಮೀ. ಕುತ್ತಿಗೆ ಉಳಿಸಿ ಎಲೆ ಕತ್ತರಿಸಿ. ತೀರ ಬುಡಕ್ಕೆ ಕತ್ತರಿಸಿದರೆ ಗಾಯ ತೆರೆದೇ ಉಳಿಯುತ್ತದೆ. ಬಳಿಕ ನೆರಳಿನಲ್ಲಿ, ಗಾಳಿಯಾಡುವ ಕಡೆ 10ರಿಂದ 12 ದಿನ ಒಣಗಿಸಿ. ಕುತ್ತಿಗೆ ಬಿಗಿದು, ಹೊರಸಿಪ್ಪೆ ಗರಿಗರಿಯಾದಾಗ ಗಡ್ಡೆ ಸಂಗ್ರಹಕ್ಕೆ ಸಿದ್ಧ.

ಸಂಗ್ರಹಣೆ

ಮೊದಲು ವಿಂಗಡಿಸಿ. ದಪ್ಪ ಕುತ್ತಿಗೆಯವು, ಹೂದಂಟು ಬಂದವು, ಜೋಡು ಗಡ್ಡೆಗಳು ಹಾಗೂ ಗಾಯಗೊಂಡವುಗಳನ್ನು ಬೇರ್ಪಡಿಸಿ ಮೊದಲು ಅಡುಗೆಗೆ ಬಳಸಿ. ಬಿಗಿಯಾದ, ಮಧ್ಯಮ ಗಾತ್ರದ ಗಡ್ಡೆಗಳನ್ನು ಮಾತ್ರ ಸಂಗ್ರಹಿಸಿ.

• ಬಿದಿರಿನ ತಟ್ಟೆ, ಬುಟ್ಟಿ ಅಥವಾ ಬಲೆಚೀಲದಲ್ಲಿಟ್ಟು, ಕೆಳಗಿನಿಂದಲೂ ಗಾಳಿಯಾಡುವಂತೆ ನೆಲದಿಂದ ಎತ್ತರದಲ್ಲಿರಿಸಿ. ರಾಶಿ ಒಂದು ಅಡಿಗಿಂತ ಎತ್ತರವಿರದಿರಲಿ.
• 25ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇ. 65ರಿಂದ 70 ಆರ್ದ್ರತೆ ಅನುಕೂಲಕರ. ತಗಡಿನ ಮಾಡಿನ ಕೆಳಗಿನ ಬಿಸಿ ಅಟ್ಟವನ್ನು ತಪ್ಪಿಸಿ.
• ಪ್ಲಾಸ್ಟಿಕ್ ಚೀಲ, ಮುಚ್ಚಿದ ಡಬ್ಬ ಮತ್ತು ಫ್ರಿಜ್‌ ಸೂಕ್ತವಲ್ಲ. ಆಲೂಗಡ್ಡೆಯೊಂದಿಗೆ ಇಡಬೇಡಿ.
• ಜೂನ್‌ನಲ್ಲಿ ಮಳೆ ಆರಂಭವಾದೊಡನೆ ಗಾಳಿಯಲ್ಲಿ ತೇವ ಹೆಚ್ಚುತ್ತದೆ. ಆಗಿನಿಂದ ವಾರಕ್ಕೊಮ್ಮೆ ಗಡ್ಡೆಗಳನ್ನು ತಿರುವಿ ಹಾಕಿ, ಮೆತ್ತಗಾದ, ಮೊಳಕೆ ಬಂದ ಅಥವಾ ಕಪ್ಪು ಬೂಷ್ಟು ಹಿಡಿದವುಗಳನ್ನು ತೆಗೆಯಿರಿ. ಕೊಳೆತ ಒಂದೇ ಗಡ್ಡೆಯನ್ನು ಹಾಗೆಯೇ ಬಿಟ್ಟರೆ ಅದರ ರಸ ತಗಲಿದ ಸುತ್ತಲಿನವೂ ಕೆಡುತ್ತವೆ.

ಈ ಕ್ರಮಗಳನ್ನು ಪಾಲಿಸಿದರೆ ಏಪ್ರಿಲ್‌ನಲ್ಲಿ ಕಿತ್ತ ಗಡ್ಡೆಗಳು ಆಗಸ್ಟ್‌ವರೆಗೆ ಅಡುಗೆಗೆ ಒದಗುತ್ತವೆ. ಮುಂಗಾರಿನ ಹೊಸ ಗಡ್ಡೆ ಮಾರುಕಟ್ಟೆಗೆ ಬರುವ ಮುನ್ನ ಬೆಲೆ ಏರುವುದು ಸಾಮಾನ್ಯವಾಗಿ ಈ ಅವಧಿಯ ಕೊನೆಯಲ್ಲಿಯೇ. ನಿಮ್ಮ ಪ್ರದೇಶಕ್ಕೆ ಹೊಂದುವ ತಳಿ ಹಾಗೂ ಹೊಸ ಬೀಜಕ್ಕಾಗಿ ಸಮೀಪದ ಕೃಷಿ ವಿಜ್ಞಾನ ಕೇಂದ್ರ ಅಥವಾ ತೋಟಗಾರಿಕೆ ಇಲಾಖೆಯ ಕಚೇರಿಯನ್ನು ಬಿತ್ತನೆಗೆ ಸಾಕಷ್ಟು ಮುಂಚೆಯೇ ಸಂಪರ್ಕಿಸಿ.